ಮತ್ತೆ ಗುರಿ ಹಿಡಿಯುವವರಿಗೆ .22 ರೈಫಲಿನ ಆಯ್ಕೆ

ಸದಸ್ಯ ಬಾಂಧವರಲ್ಲಿ ಅನೇಕರು ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ. ಸೇರಿ, ಚಾಪೆಯ ಮೇಲೆ ಬೋರಲು ಮಲಗಿ, .22 ರೈಫಲಿನಿಂದ ಐದೈದು ಗುಂಡು ಹೊಡೆದು ಬಂದವರು. ಕೊಡಗಿನ ಕಡೆಯವರು ಕೈಲ್‌ಪೊಳ್ದ್ ಹಬ್ಬದಲ್ಲಿ ಹಿರಿಯರ ಪಕ್ಕ ನಿಂತು ತೆಂಗಿನಕಾಯಿಗೆ ಗುರಿಯಿಟ್ಟವರು. ಆಮೇಲೆ ತೋಟದ ಜವಾಬ್ದಾರಿ, ಮಕ್ಕಳ ಓದು, ಒಂದು ವರ್ಷ ಕೊಳೆರೋಗ, ಇನ್ನೊಂದು ವರ್ಷ ಬೆಲೆ ಕುಸಿತ, ಹೀಗೆ ಇಪ್ಪತ್ತು ಮೂವತ್ತು ವರ್ಷ ಕಳೆದದ್ದೇ ತಿಳಿಯುವುದಿಲ್ಲ. ಮಕ್ಕಳು ದಡ ಸೇರಿದ ಮೇಲೆ ಒಂದು ದಿನ ಹಳೆಯ ಆಸೆ ತಲೆ ಎತ್ತುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಇದೇ .22 ತೋಟೆಯಿಂದ ಎಂದು ತಿಳಿದಾಗ ಆ ಆಸೆ ಇನ್ನಷ್ಟು ಬಲಿಯುತ್ತದೆ.

ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಯಾವ ರೈಫಲು ತೆಗೆದುಕೊಳ್ಳಲಿ?" ಈ ಪಾಠದಲ್ಲಿ ಅದಕ್ಕೆ ಉತ್ತರವಿದೆ, ಆದರೆ ಕೊನೆಯ ಭಾಗದಲ್ಲಿದೆ. ಗುಂಡಿ ತೋಡದೆ, ನೆರಳು ನೋಡದೆ, ಮೊದಲು ಗಿಡ ತಂದು ಮನೆ ಮುಂದೆ ಒಣಗಿಸುವವರನ್ನು ನಾವು ನೋಡಿದ್ದೇವೆ. ರೈಫಲಿನ ವಿಷಯವೂ ಹಾಗೆಯೇ. ಮೊದಲು ಗುಂಡು ನಿಲ್ಲುವ ಜಾಗ, ಎರಡನೆಯದು ನಮ್ಮ ಕಣ್ಣು ಮತ್ತು ಮೈ, ಮೂರನೆಯದು ತೋಟೆ, ನಾಲ್ಕನೆಯದು ರೈಫಲು. ಈ ಕ್ರಮದಲ್ಲಿ ಹೋದವರು ಹಣ ಕಳೆದುಕೊಳ್ಳುವುದಿಲ್ಲ. ನಾನು ಕ್ರಮ ತಪ್ಪಿದವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ರಿಮ್‌ಫೈರ್ ಎಂದರೇನು?

ತೋಟೆ ಅಥವಾ ಕಾಟ್ರಿಜ್ ಎನ್ನುವುದರಲ್ಲಿ ನಾಲ್ಕು ಭಾಗಗಳು: ಹಿತ್ತಾಳೆಯ ಖೋಲು, ಒಳಗಿನ ಮದ್ದು, ಮದ್ದಿಗೆ ಕಿಡಿ ಕೊಡುವ ಮಸಾಲೆ, ತುದಿಯಲ್ಲಿ ಸೀಸದ ಗುಂಡು. 12 ಬೋರ್ ಕೋವಿಯ ತೋಟೆಯಲ್ಲೂ ದೊಡ್ಡ ರೈಫಲಿನ ತೋಟೆಯಲ್ಲೂ ಬುಡದ ನಡುವೆ ಒಂದು ಕೇಪು ಕೂರಿಸಿರುತ್ತಾರೆ. ರಿಮ್‌ಫೈರ್ ತೋಟೆಗೆ ಬೇರೆ ಕೇಪು ಇಲ್ಲ. ಬುಡದ ಸುತ್ತ ಇರುವ ಟೊಳ್ಳು ಅಂಚಿನೊಳಗೇ ಮಸಾಲೆ ಸೇರಿರುತ್ತದೆ. ರೈಫಲಿನ ಸೂಜಿ ಆ ಅಂಚನ್ನು ಜಜ್ಜಿದಾಗ ಕಿಡಿ ಹತ್ತುತ್ತದೆ. ಅಂಚಿಗೆ ಇಂಗ್ಲಿಷಿನಲ್ಲಿ ರಿಮ್ ಎನ್ನುವುದರಿಂದ ಈ ಹೆಸರು.

ಇದರಿಂದ ಮೂರು ಪರಿಣಾಮಗಳಿವೆ. ಒಂದು, ಜಜ್ಜಿಸಿಕೊಳ್ಳುವ ಅಂಚು ತೆಳುವಾಗಿರಲೇಬೇಕಾದ್ದರಿಂದ ಒಳಗಿನ ಒತ್ತಡ ಕಡಿಮೆ ಇರಬೇಕು. ಹಾಗಾಗಿ ಹಿಂದೊತ್ತು ಇಲ್ಲವೆನ್ನುವಷ್ಟು ಕಡಿಮೆ, ಶಬ್ದವೂ ಕಡಿಮೆ. ಎರಡು, ಒಮ್ಮೆ ಹೊಡೆದ ಖೋಲನ್ನು ಮನೆಯಲ್ಲಿ ಮತ್ತೆ ತುಂಬಲಾಗದು. ಮೂರು, ತೋಟೆ ಇಲ್ಲದೆ ಟ್ರಿಗರ್ ಎಳೆದರೆ ಅನೇಕ ಹಳೆಯ ರೈಫಲುಗಳಲ್ಲಿ ಸೂಜಿ ನೇರವಾಗಿ ನಳಿಗೆಯ ಬುಡಕ್ಕೆ ಬಡಿದು ಅಲ್ಲಿ ಕಚ್ಚು ಬೀಳುತ್ತದೆ. ಕಪಾಟಿನಿಂದ ತೆಗೆದು 'ಟಕ್ ಟಕ್' ಎಂದು ಎಳೆದು ನೋಡುವ ಅಭ್ಯಾಸವನ್ನು ಮೊದಲು ಬಿಡಬೇಕು.

ಈ ಜಾತಿಯಲ್ಲಿ ನಮಗೆ ಬೇಕಾದದ್ದು .22 ಲಾಂಗ್ ರೈಫಲ್ ಎಂಬ ತೋಟೆ. ಅಮೆರಿಕದ ಸ್ಟೀವನ್ಸ್ ಕಂಪೆನಿ 1887ರಲ್ಲಿ ತಂದ ಇದು ಇಂದಿಗೂ ಜಗತ್ತಿನ ಎಲ್ಲ ಕಡೆ ನಡೆಯುತ್ತದೆ. ಸಾಮಾನ್ಯ ಗುಂಡಿನ ತೂಕ 40 ಗ್ರೇನ್, ಅಂದರೆ 2.6 ಗ್ರಾಮು, ದಪ್ಪ ಸುಮಾರು 5.6 ಮಿಲಿಮೀಟರು. 1959ರಲ್ಲಿ ಬಂದ .22 ಮ್ಯಾಗ್ನಂ, 2002ರಲ್ಲಿ ಬಂದ .17 ಎಚ್.ಎಂ.ಆರ್. ಇವೂ ರಿಮ್‌ಫೈರ್ ಜಾತಿಯವೇ. ಆದರೆ ತೋಟೆ ದುಬಾರಿ, ನಮ್ಮಲ್ಲಿ ಸಿಗುವುದು ಕಷ್ಟ, 50 ಮೀಟರ್ ಸ್ಪರ್ಧೆಗಳಿಗೆ ಸಲ್ಲುವುದೂ ಇಲ್ಲ. ಮ್ಯಾಗ್ನಂ ರೈಫಲಿನ ಕೋಣೆ ಹೆಚ್ಚು ಅಗಲ. ಅದರಲ್ಲಿ ಲಾಂಗ್ ರೈಫಲ್ ತೋಟೆ ಸಡಿಲವಾಗಿ ಕೂತು, ಹೊಡೆದಾಗ ಖೋಲು ಸೀಳಿ ಬಿಸಿ ಅನಿಲ ಮುಖಕ್ಕೆ ಬರಬಹುದು. ಎರಡನ್ನೂ ಎಂದಿಗೂ ಬೆರೆಸಬಾರದು.

1. ಗುಂಡು ನಿಲ್ಲುವ ಜಾಗ

ತೋಟೆ ಕಿರುಬೆರಳಿಗಿಂತ ಸಣ್ಣದು, ಶಬ್ದ ಪಟಾಕಿಗಿಂತ ಕಡಿಮೆ. ಆದ್ದರಿಂದ .22 ಅನ್ನು ಮಕ್ಕಳಾಟಿಕೆ ಎಂದು ತಿಳಿಯುವವರು ಬಹಳ. ಈ ಗುಂಡು ಏರುಕೋನದಲ್ಲಿ ಹೋದರೆ ಒಂದೂವರೆ ಮೈಲಿಯವರೆಗೂ ಹೋಗಬಲ್ಲದು. ತೋಟೆಯ ಪೆಟ್ಟಿಗೆಗಳ ಮೇಲೆಯೇ ಈ ಎಚ್ಚರಿಕೆ ಅಚ್ಚಾಗಿರುತ್ತದೆ. ನಾನೂ ಅದನ್ನು ಓದಿದ್ದೆ. ಓದಿ ಪೆಟ್ಟಿಗೆ ಎಸೆದಿದ್ದೆ.

1997ರ ಅಡಿಕೆ ಕೊಯ್ಲಿನ ಕಾಲ. ತಂದೆಯವರ ನಂತರ ಅವರ .22 ರೈಫಲಿನ ಲೈಸೆನ್ಸ್ ನನ್ನ ಹೆಸರಿಗೆ ಬಂದಿತ್ತು. ಒಂದು ಮಧ್ಯಾಹ್ನ ನಮ್ಮ ಕಾಫಿ ತೋಟದ ಮೇಲಿನ ಅಂಚಿನಲ್ಲಿ, ಕಡಿದ ಸಿಲ್ವರ್ ಓಕಿನ ಬುಡದ ಮೇಲೆ ಎಣ್ಣೆ ಡಬ್ಬವಿಟ್ಟು, ಕೆಳಗಿನಿಂದ ಮೇಲಕ್ಕೆ ಗುರಿ ಹೊಡೆದೆ. ಡಬ್ಬದ ಹಿಂದೆ ಗುಡ್ಡದ ನೆತ್ತಿ, ನೆತ್ತಿಯ ಹಿಂದೆ ಆಕಾಶ. ಹತ್ತು ಗುಂಡಿನಲ್ಲಿ ಏಳು ತಗುಲಿದವು. ತಗುಲದ ಮೂರರ ಬಗ್ಗೆ ನಾನು ಯೋಚಿಸಲಿಲ್ಲ.

ಸಂಜೆ ಗುಡ್ಡದ ಆಚೆ ಮನೆಯ ಹಿರಿಯರು ಬಂದರು. ಅಂಗೈ ಬಿಚ್ಚಿ ಒಂದು ಚಪ್ಪಟೆಯಾದ ಸೀಸದ ಚೂರು ತೋರಿಸಿದರು. "ಇದು ನಿನ್ನದಾ ನೋಡು ಮಾರಾಯ. ನಮ್ಮ ಅಟ್ಟದ ತಗಡಿಗೆ ಬಡಿದು ಅಂಗಳಕ್ಕೆ ಬಿತ್ತು. ಕೆಳಗೆ ಒಂಬತ್ತು ಜನ ಅಡಿಕೆ ಸುಲೀತಾ ಕೂತಿದ್ರು" ಎಂದರು. ಬೇರೆ ಏನೂ ಹೇಳಲಿಲ್ಲ. ಕಾಫಿ ಕುಡಿದು ಹೋದರು. ಮರುದಿನ ನಡೆದು ಅಳೆದೆ. ಡಬ್ಬ ಇಟ್ಟ ಜಾಗದಿಂದ ಅವರ ಅಂಗಳಕ್ಕೆ ನಾಲ್ಕು ಫರ್ಲಾಂಗು. ಅಂದು ಕಪಾಟಿಗೆ ಸೇರಿದ ರೈಫಲು ಇಪ್ಪತ್ತೈದು ವರ್ಷ ಅಲ್ಲೇ ಇತ್ತು. ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುವುದೊಂದೇ ಅದರ ಪ್ರಯಾಣವಾಗಿತ್ತು.

ಆದ್ದರಿಂದ ಮೊದಲ ಪ್ರಶ್ನೆ ಇದು: ನಿಮ್ಮ ಪ್ರತಿಯೊಂದು ಗುಂಡೂ, ಗುರಿ ತಪ್ಪಿದ್ದೂ ಸೇರಿ, ಎಲ್ಲಿ ನಿಲ್ಲುತ್ತದೆ? ತೋಟದಲ್ಲಿ ಎಲ್ಲೆಂದರಲ್ಲಿ ಜನ ಇರುತ್ತಾರೆ. ಮೆಣಸಿನ ಏಣಿಯ ಮೇಲೆ ಒಬ್ಬ, ಕಾಫಿ ಗಿಡದ ಮರೆಯಲ್ಲಿ ಕಸಿ ಮಾಡುವವರು ನಾಲ್ವರು, ಅಡಿಕೆ ಮರದ ತುದಿಯಲ್ಲಿ ಕೊನೆ ತೆಗೆಯುವವನೊಬ್ಬ. ಎಲೆಯ ಮರೆ ಕಣ್ಣನ್ನು ತಡೆಯುತ್ತದೆ, ಗುಂಡನ್ನು ತಡೆಯುವುದಿಲ್ಲ. ಜಂಬಿಟ್ಟಿಗೆ ಕಲ್ಲು, ಬಂಡೆ, ಕೆರೆಯ ನೀರು, ಗಟ್ಟಿ ಮರ, ಇವೆಲ್ಲ ಸೀಸದ ಗುಂಡನ್ನು ಚಿಮ್ಮಿಸಿ ಬೇರೆ ದಿಕ್ಕಿಗೆ ಕಳಿಸುತ್ತವೆ. ಕಲ್ಲಿಲ್ಲದ ಮೆದು ಮಣ್ಣಿನ ಎತ್ತರದ ದಿಬ್ಬ ಮಾತ್ರ ಗುಂಡನ್ನು ನುಂಗುತ್ತದೆ.

ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಮನೆ ಹಿಂದೆ ಗುರಿ ಹೊಡೆಯಲು ಅನುಮತಿ ಇದೆ ಎಂದು ಭಾವಿಸಬಾರದು. ಹತ್ತಿರದಲ್ಲಿ ಅಧಿಕೃತ ರೈಫಲ್ ಕ್ಲಬ್ಬಿನ ಮೈದಾನ ಎಲ್ಲಿದೆ, ವಾರದಲ್ಲಿ ಯಾವ ದಿನ ತೆರೆದಿರುತ್ತದೆ, ಸದಸ್ಯತ್ವ ಸಿಗುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮೈದಾನ ಸಿಗದಿದ್ದರೆ ರೈಫಲಿನ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ, 10 ಮೀಟರ್ ಏರ್ ರೈಫಲಿಗೆ ಬನ್ನಿ. ಅದರ ವಿಷಯ ಮುಂದೆ ಇದೆ.

ಹಂದಿ, ಮಂಗಗಳ ಕಾಟಕ್ಕೆ .22 ಆಗಬಹುದೇ ಎಂದು ಕೇಳುವವರಿದ್ದಾರೆ. ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1991ರ ತಿದ್ದುಪಡಿಯ ನಂತರ ಬೇಟೆಗೆ ಎಡೆಯಿಲ್ಲದಂತೆ ಮಾಡಿದೆ. ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ದಾರಿ. ಕಾನೂನು ಬದಿಗಿಟ್ಟರೂ, ಹಂದಿಗೆ .22 ತಗುಲಿದರೆ ಅದು ಸಾಯುವುದಿಲ್ಲ. ಗಾಯದ ನೋವಿನಿಂದ ನಮ್ಮದೇ ಆಳುಗಳ ಮೇಲೆ ತಿರುಗುತ್ತದೆ. ಈ ಪಾಠದಲ್ಲಿ ಹೇಳುವುದೆಲ್ಲ ಕಾಗದದ ಗುರಿ ಮತ್ತು ತೆಂಗಿನಕಾಯಿಗೆ ಮಾತ್ರ.

2. ನಮ್ಮ ಕಣ್ಣು ಮತ್ತು ಮೈ

ಇಪ್ಪತ್ತರ ಕಣ್ಣು ಐವತ್ತಕ್ಕೆ ಇರುವುದಿಲ್ಲ. ಹಳೆಯ ರೈಫಲುಗಳಲ್ಲಿ ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಕಡ್ಡಿ, ಆಚೆ ಗುರಿ. ಈ ಮೂರನ್ನೂ ಕಣ್ಣು ಒಟ್ಟಿಗೆ ಹಿಡಿಯಬೇಕು. ನಲವತ್ತೈದು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದರಿಂದ ಹಿಂದಿನ ಕಚ್ಚು ಮಂಜಿನ ಹಾಗೆ ಕಾಣುತ್ತದೆ. ಆಗ ಗುಂಡು ಚದರುತ್ತದೆ, ನಾವು ರೈಫಲನ್ನು ದೂರುತ್ತೇವೆ.

ಒಂದು ಸಣ್ಣ ಪ್ರಯೋಗ ಮಾಡಿ. ದಪ್ಪ ಕಾಗದಕ್ಕೆ ಗುಂಡುಸೂಜಿಯಿಂದ ಒಂದು ತೂತು ಮಾಡಿ. ಕನ್ನಡಕ ತೆಗೆದು, ಬೆಳಕಿನಲ್ಲಿ ಆ ತೂತಿನ ಮೂಲಕ ಇದೇ ಪುಟವನ್ನು ನೋಡಿ. ಮಸುಕಾಗಿದ್ದ ಅಕ್ಷರ ಸ್ಪಷ್ಟವಾಗುತ್ತದೆ. ಸಣ್ಣ ತೂತು ಹತ್ತಿರವನ್ನೂ ದೂರವನ್ನೂ ಒಟ್ಟಿಗೆ ತಿಳಿಯಾಗಿಸುತ್ತದೆ. ಸ್ಪರ್ಧೆಯ ರೈಫಲುಗಳ ಹಿಂಭಾಗದಲ್ಲಿ ಕಣ್ಣಿನ ಬಳಿ ಇರುವ ತೂತಿನ ಸೈಟ್ ಇದೇ ತತ್ತ್ವದ್ದು. ಕಚ್ಚಿನ ಜಾಗದಲ್ಲಿ ತೂತಿನ ಸೈಟ್ ಕೂರಿಸಿದರೆ ನಮ್ಮ ವಯಸ್ಸಿನವರಿಗೆ ಅರ್ಧ ಕಷ್ಟ ಕಳೆಯಿತು.

ಇನ್ನೊಂದು ದಾರಿ ದುರ್ಬೀನು. ಅದರಲ್ಲಿ ಗೆರೆಯೂ ಗುರಿಯೂ ಒಂದೇ ದೂರದಲ್ಲಿ ಕಾಣುತ್ತವೆ. .22ಕ್ಕೆ ನಾಲ್ಕು ಪಟ್ಟು ದೊಡ್ಡದು ಮಾಡುವ ದುರ್ಬೀನು ಸಾಕು. ಒಂದು ವಿಷಯ ಗಮನಿಸಬೇಕು. ದೊಡ್ಡ ರೈಫಲಿನ ದುರ್ಬೀನು ಸಾಮಾನ್ಯವಾಗಿ 100 ಗಜ ಅಥವಾ ಇನ್ನೂ ದೂರಕ್ಕೆ ಹೊಂದಿಸಿದ್ದು. 50 ಮೀಟರಿನಲ್ಲಿ ತಲೆ ಸ್ವಲ್ಪ ಸರಿದರೂ ಗೆರೆ ಗುರಿಯ ಮೇಲೆ ಓಡಾಡುತ್ತದೆ. ರಿಮ್‌ಫೈರಿಗೆಂದೇ ಮಾಡಿದ್ದನ್ನು 50 ಗಜಕ್ಕೆ ಹೊಂದಿಸಿರುತ್ತಾರೆ. ಅದನ್ನೇ ಕೇಳಿ ಪಡೆಯಿರಿ. ತೆಂಗಿನಕಾಯಿ ಸ್ಪರ್ಧೆಯ ಆಸೆ ಇರುವವರು ಅಲ್ಲಿ ದುರ್ಬೀನಿಗೆ ಅವಕಾಶ ಇದೆಯೇ ಎಂದು ಸಂಘಟಕರಲ್ಲಿ ಮೊದಲೇ ವಿಚಾರಿಸಬೇಕು. ಕಣ್ಣಿನ ಪೊರೆ ತೆಗೆಸಬೇಕಾದವರು ಅದನ್ನು ಮುಗಿಸಿ ಆಮೇಲೆ ಸೈಟ್ ಆರಿಸುವುದು ಜಾಣತನ.

ಮೈಗೆ ಹೊಂದುತ್ತದೆಯೇ ಎಂದು ನೋಡಲು ಮೂರು ಪರೀಕ್ಷೆಗಳಿವೆ. ಪ್ರತಿ ಸಲವೂ ರೈಫಲು ಖಾಲಿ ಇದೆಯೆಂದು ಬೋಲ್ಟ್ ತೆರೆದು, ಕಣ್ಣಿನಿಂದಲೂ ಬೆರಳಿನಿಂದಲೂ ಖಾತರಿ ಮಾಡಿಕೊಳ್ಳಬೇಕು.

ಉದ್ದ: ಮೊಣಕೈ ಮಡಚಿ, ಅದರ ಒಳಮೂಲೆಗೆ ರೈಫಲಿನ ಹಿಂಬದಿ ಒತ್ತಿ ಹಿಡಿಯಿರಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸಲೀಸಾಗಿ ಮುಟ್ಟಬೇಕು. ಎಟುಕದಿದ್ದರೆ ಮರ ಉದ್ದವಾಯಿತು. ತೀರ ದಾಟಿ ಹೋದರೆ ಗಿಡ್ಡವಾಯಿತು.

ಕೂರುವ ರೀತಿ: ಕಣ್ಣು ಮುಚ್ಚಿ ರೈಫಲನ್ನು ಹೆಗಲಿಗೇರಿಸಿ ಕೆನ್ನೆ ಊರಿ, ಆಮೇಲೆ ಕಣ್ಣು ತೆರೆಯಿರಿ. ಸೈಟು ಕಣ್ಣಿನ ನೇರಕ್ಕೇ ಇದ್ದರೆ ಅದು ನಿಮ್ಮ ರೈಫಲು. ಕತ್ತು ಚಾಚಿ ಹುಡುಕಬೇಕಾದರೆ ನಿಮ್ಮದಲ್ಲ.

ಭಾರ: ಸಾಮಾನ್ಯ .22 ರೈಫಲು ಎರಡೂವರೆಯಿಂದ ಮೂರೂವರೆ ಕಿಲೋ ಇರುತ್ತದೆ. 50 ಮೀಟರ್ ಸ್ಪರ್ಧೆಯಲ್ಲಿ 8 ಕಿಲೋವರೆಗೆ ಅವಕಾಶವಿದೆ. ಭಾರದ ರೈಫಲು ಅಲುಗುವುದು ಕಡಿಮೆ ನಿಜ. ಆದರೆ ಸೊಂಟ ನೋವಿನವರಿಗೆ ನಿಂತು ಹಿಡಿಯುವುದು ಶಿಕ್ಷೆ. ಎರಡು ನಿಮಿಷ ಹಿಡಿದು ನಿಂತು ನೋಡಿ. ಅಂಗಡಿಯಲ್ಲಿ ಅರ್ಧ ನಿಮಿಷ ಹಿಡಿದು ತೀರ್ಮಾನ ಮಾಡಬೇಡಿ.

ಟ್ರಿಗರ್ ಎಷ್ಟು ಗಟ್ಟಿ ಎಂಬುದನ್ನೂ ನೋಡಬೇಕು. ಒಂದರಿಂದ ಒಂದೂವರೆ ಕಿಲೋ ಎಳೆತಕ್ಕೆ ಬಿಡುವ ಟ್ರಿಗರ್ ಅಭ್ಯಾಸಕ್ಕೆ ಹದ. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಯಿಂದ ಇದನ್ನು ಅಳೆಯಬಹುದು. ಹಾಗೆ ಅಳೆಯುವಾಗ ಕೋಣೆಯಲ್ಲಿ ಹೊಡೆದ ಖಾಲಿ ಖೋಲು ಇಟ್ಟಿರಬೇಕು, ನಳಿಗೆಯ ಬುಡಕ್ಕೆ ಪೆಟ್ಟು ಬೀಳುವುದಿಲ್ಲ. ಮೂರು ಕಿಲೋ ಎಳೆಯಬೇಕಾದರೆ ಎಂಥ ರೈಫಲೂ ಪಕ್ಕಕ್ಕೆ ಜಗ್ಗುತ್ತದೆ. ಸರಿಪಡಿಸುವ ಕೆಲಸವನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೇ ಬಿಡಿ. ಮನೆಯ ಅರ ಹಿಡಿದು ಉಜ್ಜಬೇಡಿ.

3. ತೋಟೆ

ಎರಡು ಬಗೆಯ .22 ಲಾಂಗ್ ರೈಫಲ್ ತೋಟೆಗಳಿವೆ. ಸಾಧಾರಣ ವೇಗದ್ದು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. ಹೆಚ್ಚು ವೇಗದ್ದು ಸುಮಾರು 380 ಮೀಟರ್. ಹೆಚ್ಚು ವೇಗದ್ದೇ ಉತ್ತಮ ಎಂದು ಅನ್ನಿಸುವುದು ಸಹಜ. ಆದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗಿ ಆ ಗಡಿಯನ್ನು ಕೆಳಮುಖವಾಗಿ ದಾಟುವಾಗ ಗಾಳಿಯ ಅಲೆಗೆ ಸಿಕ್ಕಿ ಅಲುಗುತ್ತದೆ. ಆದ್ದರಿಂದ ಸ್ಪರ್ಧೆಯ ತೋಟೆಗಳೆಲ್ಲ ಸಾಧಾರಣ ವೇಗದವು.

ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಬೀಸಿದರೆ ಸಾಧಾರಣ ಗುಂಡು 50 ಮೀಟರಿನಲ್ಲಿ ಸುಮಾರು ಒಂದು ಅಂಗುಲ, 100 ಮೀಟರಿನಲ್ಲಿ ಸುಮಾರು ನಾಲ್ಕು ಅಂಗುಲ ಪಕ್ಕಕ್ಕೆ ಸರಿಯುತ್ತದೆ. 50 ಮೀಟರಿಗೆ ಸೈಟು ಹೊಂದಿಸಿದ ರೈಫಲು 100 ಮೀಟರಿನಲ್ಲಿ ಹಲವು ಅಂಗುಲ ಕೆಳಗೆ ಹೊಡೆಯುತ್ತದೆ. 50 ಮೀಟರ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಕೇವಲ 10.4 ಮಿಲಿಮೀಟರು. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡರೆ ಅಭ್ಯಾಸವನ್ನು 50 ಮೀಟರಿಗೇ ಏಕೆ ಸೀಮಿತಗೊಳಿಸಬೇಕು ಎಂಬುದು ತಿಳಿಯುತ್ತದೆ.

ಪ್ರತಿ ರೈಫಲಿಗೂ ತನ್ನದೇ ರುಚಿಯಿದೆ. ಒಂದೇ ಕಾರ್ಖಾನೆಯ ಎರಡು ರೈಫಲು ಒಂದೇ ತೋಟೆಯನ್ನು ಒಪ್ಪುವುದಿಲ್ಲ. ಪರೀಕ್ಷೆ ಹೀಗೆ: ಮೂರು ನಾಲ್ಕು ಬಗೆಯ ತೋಟೆಗಳನ್ನು ಒಂದೊಂದು ಪೆಟ್ಟಿಗೆ ತನ್ನಿ. ಮೈದಾನದಲ್ಲಿ ಮರಳುಚೀಲದ ಮೇಲೆ ರೈಫಲಿಟ್ಟು, 50 ಮೀಟರಿಗೆ, ಪ್ರತಿ ಬಗೆಯಲ್ಲೂ ಐದೈದು ಗುಂಡಿನ ಮೂರು ಗುಂಪು ಹೊಡೆಯಿರಿ. ಪ್ರತಿ ಗುಂಪಿನ ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆದು ಬರೆದಿಡಿ. ಒಳ್ಳೆಯ ಸಾಮಾನ್ಯ ರೈಫಲು ತನಗೆ ಹಿಡಿಸಿದ ತೋಟೆಯಲ್ಲಿ ಒಂದು ಅಂಗುಲದೊಳಗೆ ಬರುತ್ತದೆ. ಸ್ಪರ್ಧೆಯ ರೈಫಲು ಅರ್ಧ ಅಂಗುಲದೊಳಗೆ. ನಮ್ಮ ಮನೆಯ ರೈಫಲು ಅತ್ಯಂತ ದುಬಾರಿ ಪೆಟ್ಟಿಗೆಯನ್ನು ಎರಡು ಅಂಗುಲಕ್ಕೆ ಚದರಿಸಿ, ಅದರ ಮೂರನೇ ಒಂದು ಪಾಲು ಬೆಲೆಯದನ್ನು ಮುಕ್ಕಾಲು ಅಂಗುಲದಲ್ಲಿ ಕೂರಿಸಿತು. ಹಿಡಿಸಿದ ತೋಟೆ ಸಿಕ್ಕಮೇಲೆ ಅದೇ ಲಾಟ್ ಸಂಖ್ಯೆಯದನ್ನು ಲೈಸೆನ್ಸ್ ಅನುಮತಿಸಿದಷ್ಟು ಕೊಂಡಿಡಿ.

ಲೈಸೆನ್ಸಿನಲ್ಲಿ ಒಮ್ಮೆಗೆ ಎಷ್ಟು ತೋಟೆ, ವರ್ಷಕ್ಕೆ ಎಷ್ಟು ಎಂಬುದನ್ನು ನಮೂದಿಸಿರುತ್ತಾರೆ. ರೈಫಲಿಗೆ ಹಣ ಕೊಡುವ ಮೊದಲು ಆ ಸಾಲನ್ನು ಓದಿ. ವಾರಕ್ಕೆ ಐವತ್ತು ಗುಂಡು ಹೊಡೆಯುವ ಆಸೆಯಿದ್ದು ವರ್ಷದ ಮಿತಿ ಕೆಲವು ನೂರು ಮಾತ್ರ ಇದ್ದರೆ, ದುಬಾರಿ ರೈಫಲು ಗೋಡೆಗೆ ಅಲಂಕಾರ. ರೈಫಲ್ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡ ಕ್ರೀಡಾಪಟುಗಳಿಗೆ ಹೆಚ್ಚಿನ ಅವಕಾಶವಿದೆ. ಸ್ಪರ್ಧೆಗೆ ಹೋಗುವ ಮನಸ್ಸಿದ್ದವರು ಕ್ಲಬ್ಬಿನ ಮೂಲಕ ಅದನ್ನು ವಿಚಾರಿಸಬೇಕು.

ಇಲ್ಲಿ ಏರ್ ರೈಫಲು ನೆರವಿಗೆ ಬರುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ .177 ಬೋರಿನ, 20 ಜೂಲ್ ಶಕ್ತಿ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಕಾಫಿ ಗೋದಾಮಿನೊಳಗೆ, ಹಿಂದೆ ದಪ್ಪ ಹಲಗೆ ಮತ್ತು ಮರಳುಚೀಲವಿಟ್ಟು, ಬಾಗಿಲು ಹಾಕಿಕೊಂಡು 10 ಮೀಟರಿಗೆ ಅಭ್ಯಾಸ ಮಾಡಬಹುದು. ಉಸಿರು ಹಿಡಿಯುವುದು, ಟ್ರಿಗರ್ ಮೃದುವಾಗಿ ಎಳೆಯುವುದು, ಹೊಡೆದ ಮೇಲೂ ಅಲುಗದೆ ಇರುವುದು, ಇವೆಲ್ಲ ಎರಡಕ್ಕೂ ಒಂದೇ. ಮತ್ತೆ ಶುರು ಮಾಡುವವರು ಆರು ತಿಂಗಳು ಇದರಲ್ಲಿ ಕಳೆದರೆ .22ರ ತೋಟೆ ಎಷ್ಟೋ ಉಳಿಯುತ್ತದೆ.

4. ರೈಫಲು: ಮೊದಲು ಮನೆಯದನ್ನು ನೋಡಿ

ಅನೇಕರ ಮನೆಯಲ್ಲಿ ಹಿರಿಯರ ಕಾಲದ .22 ಇರುತ್ತದೆ. ಜೆಕ್ ದೇಶದ ಬ್ರನೋ, ಇಂಗ್ಲೆಂಡಿನ ಬಿ.ಎಸ್.ಎ., ಅಮೆರಿಕದ ವಿಂಚೆಸ್ಟರ್. ಅದನ್ನು ಮೂಲೆಗೊತ್ತಿ ಹೊಸದಕ್ಕೆ ಹೋಗುವ ಮೊದಲು ಹೀಗೆ ಪರೀಕ್ಷಿಸಿ:

(ಅ) ಬೋಲ್ಟ್ ತೆಗೆದು, ನಳಿಗೆಯ ಒಂದು ತುದಿಗೆ ಬಿಳಿ ಕಾಗದವಿಟ್ಟು ಇನ್ನೊಂದು ತುದಿಯಿಂದ ನೋಡಿ. ಸುರುಳಿ ಗೆರೆಗಳು ಹೊಳೆಯಬೇಕು. ಮಸಿ ಚುಕ್ಕೆಗಳಿದ್ದರೆ ತುಕ್ಕಿನ ಗುಣಿ. ಒಂದೆರಡು ಇದ್ದರೆ ಹೆದರಬೇಕಿಲ್ಲ, ತುಂಬ ಇದ್ದರೆ ಬಿಡಿ.

(ಆ) ನಳಿಗೆಯೊಳಗೆ ಕಪ್ಪು ಬಳೆಯಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಒಂದು ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದು ಹೊಡೆದರೆ ಹೀಗಾಗುತ್ತದೆ. ಅಂಥದ್ದು ಬೇಡ.

(ಇ) ನಳಿಗೆಯ ತುದಿಯ ಬಾಯಿ ದುಂಡಗಿದೆಯೇ? ಹಿಂದಿನವರು ತುದಿಯಿಂದ ಕಬ್ಬಿಣದ ಕಡ್ಡಿ ಹಾಕಿ ಉಜ್ಜಿದ್ದರೆ ಒಂದು ಬದಿ ಸವೆದು ಗುಂಡು ಚದರುತ್ತದೆ. ನುರಿತ ರಿಪೇರಿಯವರು ಇದನ್ನು ಕಡೆದು ಸರಿ ಮಾಡಬಲ್ಲರು.

(ಈ) ಕೋಣೆಯ ಅಂಚಿನಲ್ಲಿ ಸೂಜಿ ಬಡಿದ ಕಚ್ಚು ಇದೆಯೇ? ಇದ್ದರೆ ತೋಟೆ ಹೊರಬರಲು ತಕರಾರು ಮಾಡುತ್ತದೆ.

(ಉ) ಸೇಫ್ಟಿ ಹಾಕಿದಾಗ ಟ್ರಿಗರ್ ಬಿಡಬಾರದು. ಬೋಲ್ಟನ್ನು ಜೋರಾಗಿ ಮುಚ್ಚಿದರೂ, ಹಿಂಬದಿಯನ್ನು ಅಂಗೈಯಿಂದ ತಟ್ಟಿದರೂ ತಾನಾಗಿ ಬಿಡಬಾರದು. ಬಿಟ್ಟರೆ ರಿಪೇರಿಯಾಗುವವರೆಗೆ ತೋಟೆ ಹಾಕಲೇಬೇಡಿ.

(ಊ) ಮ್ಯಾಗಜೀನು ಇದೆಯೇ, ಅದರ ಬಾಯಿ ಬಗ್ಗಿದೆಯೇ? ಹಳೆಯ ರೈಫಲಿಗೆ ಮ್ಯಾಗಜೀನು, ಸೂಜಿ, ಖೋಲು ಎಳೆಯುವ ಕೊಕ್ಕೆ ಸಿಗುವುದು ಕಷ್ಟ.

(ಋ) ರೈಫಲಿನ ಮೇಲಿನ ಸಂಖ್ಯೆ ಲೈಸೆನ್ಸಿನಲ್ಲಿರುವ ಸಂಖ್ಯೆಗೆ ಅಕ್ಷರಶಃ ಹೊಂದುತ್ತದೆಯೇ?

ಇಷ್ಟರಲ್ಲೂ ಗೆದ್ದರೆ ಹೊಸ ರೈಫಲು ಬೇಡ. ತೂತಿನ ಸೈಟಿಗೂ ತೋಟೆಗೂ ಹಣ ಹಾಕಿ.

ಕೊಳ್ಳಲೇಬೇಕಾದವರಿಗೆ ಎರಡು ದಾರಿಗಳಿವೆ. ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆ .22 ರೈಫಲು ಮಾಡುತ್ತದೆ. 2021ರ ಅಕ್ಟೋಬರಿನಲ್ಲಿ ಆಯುಧ ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪೆನಿಗಳಾಗಿ ಒಡೆದ ಮೇಲೆ ಆ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಈಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ಡಿಗೆ ಸೇರಿದೆ. ಇನ್ನೊಂದು ದಾರಿ, ಲೈಸೆನ್ಸುದಾರ ವ್ಯಾಪಾರಿಯ ಮೂಲಕ ಹಳೆಯ ವಿದೇಶಿ ರೈಫಲು. ಸಾಮಾನ್ಯ ನಾಗರಿಕರು ಕೋವಿ ಆಮದು ಮಾಡಿಕೊಳ್ಳುವುದನ್ನು 1980ರ ದಶಕದ ಮಧ್ಯದಿಂದ ನಿರ್ಬಂಧಿಸಿರುವುದರಿಂದ ಬ್ರನೋ, ಸಿ.ಝಡ್., ಜರ್ಮನಿಯ ಆನ್‌ಶುಟ್ಸ್, ವಾಲ್ಟರ್ ಇವಕ್ಕೆ ಕೇಳಿದ ಬೆಲೆ. ಹೆಸರಿಗೆ ಬೆರಗಾಗದೆ ಮೇಲಿನ ಪರೀಕ್ಷೆಗಳನ್ನು ಅವಕ್ಕೂ ಮಾಡಿ. ಗುಣಿ ಬಿದ್ದ ನಳಿಗೆಯ ಆನ್‌ಶುಟ್ಸಿಗಿಂತ ಶುಭ್ರ ನಳಿಗೆಯ ಇಷಾಪುರ ಮೇಲು.

ರಚನೆಯಲ್ಲಿ ಬೋಲ್ಟ್ ಬಗೆಯದನ್ನೇ ಆರಿಸಿ. ಪ್ರತಿ ಗುಂಡಿಗೂ ಕೈಯಿಂದ ತೆರೆದು ಮುಚ್ಚುವುದರಿಂದ ಆತುರ ತಪ್ಪುತ್ತದೆ, ಖಾಲಿ ಇದೆಯೇ ಎಂದು ನೋಡುವುದು ಸುಲಭ, ಬಿಚ್ಚಿ ಒರೆಸುವುದೂ ಸುಲಭ. ಮೇಲ್ಭಾಗದಲ್ಲಿ ಸೈಟು ಅಥವಾ ದುರ್ಬೀನು ಕೂರಿಸುವ ಗಾಡಿ ಕೊರೆದಿರಬೇಕು. ಮಲಗಿಯೇ ಹೊಡೆದು ಸ್ಪರ್ಧೆಗೆ ಹೋಗುವವರಿಗೆ ಭಾರದ ಸ್ಪರ್ಧಾ ರೈಫಲು. ನಿಂತು ತೆಂಗಿನಕಾಯಿ ಹೊಡೆಯುವವರಿಗೆ ಮೂರು ಕಿಲೋ ಒಳಗಿನದು.

ಕಾಗದಪತ್ರ

2019ರ ತಿದ್ದುಪಡಿಯ ನಂತರ ಒಬ್ಬರ ಲೈಸೆನ್ಸಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಲೈಸೆನ್ಸಿನ ಅವಧಿ ಐದು ವರ್ಷ. ಬೆಳೆ ರಕ್ಷಣೆಯ ಕೋವಿ ಮತ್ತು ಹಿರಿಯರ ಕೋವಿ ಈಗಾಗಲೇ ಇದ್ದರೆ ಮೂರನೆಯದಕ್ಕೆ ಎಡೆಯಿಲ್ಲ. ಅರ್ಹ ಕ್ರೀಡಾಪಟುಗಳಿಗೆ ಮಾತ್ರ ಬೇರೆ ನಿಯಮವಿದೆ. ಪ್ರತಿ ಲೈಸೆನ್ಸಿಗೂ ರಾಷ್ಟ್ರೀಯ ದಾಖಲೆಯ ವಿಶಿಷ್ಟ ಸಂಖ್ಯೆ ಇರಬೇಕು. 70 ವರ್ಷ ತುಂಬಿದವರು ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಹಿರಿಯ ಸದಸ್ಯರು ಇದನ್ನು ಬಳಸಿಕೊಂಡರೆ ಮುಂದೆ ಮಕ್ಕಳು ಕಚೇರಿ ಅಲೆಯುವುದು ತಪ್ಪುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ, ಅಂದರೆ 2029ರವರೆಗೆ ಮುಂದುವರಿಸಿದೆ. ಆ ವಿನಾಯಿತಿ ಪತ್ರವನ್ನೂ ಸುಸ್ಥಿತಿಯಲ್ಲಿಡಬೇಕು.

ಮಳೆಗಾಲದ ಆರೈಕೆ

ನಮ್ಮ ಮಳೆಯಲ್ಲಿ ರೈಫಲಿನ ಶತ್ರು ತುಕ್ಕು. ಚರ್ಮದ ಅಥವಾ ಕ್ಯಾನ್ವಾಸಿನ ಚೀಲದಲ್ಲಿಟ್ಟರೆ ಚೀಲ ತೇವ ಹೀರಿ ಕಬ್ಬಿಣಕ್ಕೆ ಉಣಿಸುತ್ತದೆ. ಬೀಗವಿರುವ ಒಣ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ನಿಲ್ಲಿಸಿಡಿ. ತೋಟೆ ಬೇರೆ ಕಡೆ, ಬೇರೆ ಬೀಗದಲ್ಲಿರಲಿ. ಕೈಯ ಬೆವರು ತಾಗಿದ ಕಡೆಯೆಲ್ಲ ಎಣ್ಣೆ ಬಟ್ಟೆಯಿಂದ ಒರೆಸಿ. ನಳಿಗೆಯನ್ನು ಯಾವಾಗಲೂ ಬೋಲ್ಟಿನ ಕಡೆಯಿಂದ ತುದಿಯ ಕಡೆಗೆ ಒರೆಸಬೇಕು. ಈಗಿನ .22 ತೋಟೆಯ ಮಸಾಲೆ ತುಕ್ಕು ತರುವಂಥದ್ದಲ್ಲ. ದಿನಾ ಉಜ್ಜಿ ನಳಿಗೆ ಸವೆಸುವ ಅಗತ್ಯವಿಲ್ಲ. ಹೊಡೆಯುವ ಮೊದಲು ನಳಿಗೆಯ ಎಣ್ಣೆ ಒರೆಸಿ ತೆಗೆಯಲು ಮರೆಯಬೇಡಿ.

ಪಾಠದ ಸಾರ

ಗುಂಡು ನಿಲ್ಲುವ ಜಾಗ ಸಿಗದೆ ಮುಂದಿನ ಹೆಜ್ಜೆ ಇಡಬೇಡಿ. ಕಣ್ಣಿಗೆ ತಕ್ಕ ಸೈಟು, ಮೈಗೆ ತಕ್ಕ ಮರ. ಸಾಧಾರಣ ವೇಗದ .22 ಲಾಂಗ್ ರೈಫಲ್ ತೋಟೆ, ಪರೀಕ್ಷಿಸಿ ಆರಿಸಿದ್ದು. ಮನೆಯ ರೈಫಲು ಸರಿಯಿದ್ದರೆ ಅದೇ. ಇಲ್ಲದಿದ್ದರೆ ಶುಭ್ರ ನಳಿಗೆಯ ಬೋಲ್ಟ್ ರೈಫಲು.

ನಾನು 2022ರಲ್ಲಿ ಮತ್ತೆ ಮೈದಾನಕ್ಕೆ ಹೋದೆ. ತಂದೆಯವರ ಅದೇ ರೈಫಲಿಗೆ ತೂತಿನ ಸೈಟು ಹಾಕಿಸಿದ್ದೇನೆ. ಮೊದಲ ದಿನ ಗುರಿಯ ಹಿಂದೆ ಎರಡಾಳು ಎತ್ತರದ ಮಣ್ಣಿನ ದಿಬ್ಬ ಕಂಡಾಗ ನೆಮ್ಮದಿಯಾಯಿತು. ಗುಡ್ಡದ ಆಚೆಯ ಹಿರಿಯರು ಈಗಿಲ್ಲ. ಅವರು ತಂದುಕೊಟ್ಟ ಸೀಸದ ಚೂರು ನನ್ನ ತೋಟೆಯ ಪೆಟ್ಟಿಗೆಯಲ್ಲೇ ಇದೆ. ಪ್ರತಿ ಸಲ ತೋಟೆ ತೆಗೆಯುವಾಗ ಅದು ಬೆರಳಿಗೆ ತಾಗುತ್ತದೆ.